ಒಂಥರಾ ಆಡ್ತೈತೆ ಸಾ

ನಿನ್ನೆ ಬೆಳಿಗ್ಗೆ ಆರೂವರೆಗೆ ಫೋನು. ಬ್ರಷ್ಷು ಇನ್ನೂ ಬಾಯಲ್ಲೇ ಇತ್ತು.

"ಸಾ, ಹಸ ಒಂಥರಾ ಆಡ್ತೈತೆ. ಬಿರ್ನೆ ಬನ್ನಿ."

ಒಂಥರಾ ಅಂದ್ರೆ ಯಾವ ಥರ? "ಅದೇ ಸಾ, ಒಂಥರಾ." ಮೇವು ತಿಂತಾ? "ನಾನು ನೋಡ್ಲಿಲ್ಲ, ಇರಿ ನಮ್ಮೋಳಿಗೆ ಕೊಡ್ತೀನಿ." ನಮ್ಮೋಳು ಮಗನಿಗೆ ಕೊಟ್ಟಳು. ಮಗ ಮಾತಾಡುವ ಗೋಜಿಗೇ ಹೋಗದೆ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ಅದರಲ್ಲಿ ಕಾಲು ಭಾಗ ಬಾಲ, ಮುಕ್ಕಾಲು ಭಾಗ ಅವನದೇ ಹೆಬ್ಬೆರಳು.

ಶ್ರೀನಿವಾಸಪುರದ ಸುತ್ತಮುತ್ತ ಹನ್ನೆರಡು ವರ್ಷದಿಂದ ದನದ ಡಾಕ್ಟರಾಗಿದ್ದೀನಿ. ಈ ಒಂದು ಪದದ ಮೇಲೆ ಇರುವಷ್ಟು ಸಿಟ್ಟು ನನಗೆ ದನದ ರಕ್ತ ಹೀರುವ ಉಣ್ಣೆಯ ಮೇಲೂ ಇಲ್ಲ. ಯುಗಾದಿಯ ಮಾರನೇ ದಿನ ಬರುವ ಒಂಥರಾ ಅಂದರೆ, ಮಿಕ್ಕ ಒಬ್ಬಟ್ಟು, ಅನ್ನ ಎಲ್ಲವನ್ನೂ "ಪಾಪ, ಅದೂ ಹಬ್ಬ ಮಾಡ್ಲಿ" ಅಂತ ಬಕೆಟ್ಟುಗಟ್ಟಲೆ ಸುರಿದಿರುತ್ತಾರೆ. ಹೊಟ್ಟೆಯೆಲ್ಲ ಹುಳಿಯಾಗಿ ಹಸು ಹಲ್ಲು ಕಡಿಯುತ್ತ ನಿಂತಿರುತ್ತೆ, ನಾನು ಪಕ್ಕದಲ್ಲಿ ಅಡುಗೆ ಸೋಡಾ ಕದಡುತ್ತ ಕೂತಿರುತ್ತೀನಿ. ಒಮ್ಮೆ ಮಳೆಯಲ್ಲಿ 18 ಕಿಲೋಮೀಟರ್ ಬೈಕ್ ಓಡಿಸಿಕೊಂಡು ಹೋದರೆ ಹಸು ಬೆದೆಗೆ ಬಂದು ಕೂಗ್ತಾ ಇತ್ತು, ಅಷ್ಟೇ. 21 ದಿನಕ್ಕೊಮ್ಮೆ ಬರೋದು. ಫೋನಿನಲ್ಲಿ ಹೇಳೋಕೆ ಆ ಹುಡುಗನಿಗೆ ನಾಚಿಕೆಯಂತೆ. ಹಸುವಿಗಿಲ್ಲದ ನಾಚಿಕೆ!

ನಿನ್ನೆಯದು ಮಾತ್ರ ನಿಜವಾದ ಒಂಥರಾ. ಕೊನೆಗೆ ಆ ಮನೆಯ ಅಜ್ಜಿಯೇ ಫೋನು ಕಿತ್ತುಕೊಂಡು, "ನಿನ್ನೆ ಸಂಜೆ ಕರ ಹಾಕ್ತು, ಈಗ ಏಳ್ತಿಲ್ಲ, ಕತ್ತು ಹೊಟ್ಟೆ ಕಡೆ ತಿರುವ್ಕೊಂಡು ಮಲಗೈತೆ" ಅಂದಿತು. "ಹಾಲು ಜ್ವರ ಇರಬೇಕು, ಬಂದೆ" ಅಂದೆ. ತಪ್ಪಿದ್ದು ಅಲ್ಲೇ. ಆ ಹೆಸರಿಟ್ಟ ಪುಣ್ಯಾತ್ಮ ಯಾರೋ, ಹಾಲು ಜ್ವರದಲ್ಲಿ ಜ್ವರವೇ ಇರೋದಿಲ್ಲ, ಕಿವಿ ಮುಟ್ಟಿದರೆ ತಣ್ಣಗಿರುತ್ತೆ. ನಾನು ಹೋಗುವಷ್ಟರಲ್ಲಿ ಮನೆಯವರು ಮನುಷ್ಯರ ಜ್ವರದ ಮಾತ್ರೆ ಒಂದು ಪಟ್ಟಿ ಅರೆದು, ಬಿದಿರಿನ ಗೊಟ್ಟಕ್ಕೆ ತುಂಬಿ, ಹಸುವಿನ ಬಾಯಿ ಬಿಡಿಸುತ್ತಿದ್ದರು. ಹಾಗೆ ಮಲಗಿದ ಹಸುವಿಗೆ ನುಂಗೋಕೂ ಆಗೋದಿಲ್ಲ, ಕುಡಿಸಿದ್ದು ಶ್ವಾಸಕೋಶಕ್ಕೆ ಹೋದೀತು ಅಂತ ಕೂಗಾಡಿ ಗೊಟ್ಟ ಕಿತ್ತುಕೊಂಡೆ.

"ಹಾಲು ಎಷ್ಟು ಕರೆದ್ರಿ?"

"ಪೂರ್ತಿ ಸಾ. ಒಂದು ತೊಟ್ಟೂ ಬಿಡ್ಲಿಲ್ಲ."

ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿದ್ದಾರೆ. ಕರು ಹಾಕಿದ ಹೊತ್ತಿಗೆ ರಕ್ತದಲ್ಲಿನ ಕ್ಯಾಲ್ಸಿಯಂ ಕೆಚ್ಚಲಿಗೆ ಇಳಿದಿರುತ್ತೆ. ಮೂಳೆಯಿಂದ ಮತ್ತೆ ತುಂಬಿಕೊಳ್ಳೋಕೆ ಅದಕ್ಕೆ ಪುರುಸೊತ್ತು ಕೊಡಬೇಡವೇ? ಜಾಸ್ತಿ ಹಾಲು ಕೊಡುವ ಎಚ್‌ಎಫ್ ತಳಿಯ ಹಸು, ಮೂರನೇ ಸೂಲು. ಅದರ ಮೈಯ ಸುಣ್ಣವೆಲ್ಲ ಏಲಕ್ಕಿ ಘಮದ ಸಮೇತ ಬೀದಿಯವರ ಹೊಟ್ಟೆ ಸೇರಿತ್ತು.

ಕ್ಯಾಲ್ಸಿಯಂ ಬಾಟಲಿ 450 ಎಂಎಲ್. ಕತ್ತಿನ ರಕ್ತನಾಳಕ್ಕೆ ನಿಧಾನವಾಗಿ ಬಿಡಬೇಕು, ಅವಸರ ಮಾಡಿದರೆ ಹೃದಯವೇ ನಿಂತೀತು. ನನ್ನ ಒಂದು ಕೈ ಸೂಜಿಯ ಮೇಲೆ, ಇನ್ನೊಂದು ಕೈಯಲ್ಲಿ ಸ್ಟೆತಸ್ಕೋಪು. ಬಾಟಲಿಗೆ ಮೂರನೇ ಕೈ ಬೇಕು. ಆ ಕೈ ಯಾವಾಗಲೂ ಪಕ್ಕದ ಮನೆಯವರದು. ಒಳ್ಳೆ ಎತ್ತರದ ಆಳು, ಗಟ್ಟಿ ತೋಳು. ಒಂದೇ ತಾಪತ್ರಯ, ಕೈ ಆಡಿಸದೆ ಮಾತಾಡೋಕೆ ಅವರಿಗೆ ಬರೋದಿಲ್ಲ.

"ಬೋರು ಹಾಕ್ಸಿದ್ನಲ್ಲ ಸಾ," ಅಂತ ಶುರು ಮಾಡಿದರು. "ಇನ್ನೂರಡಿ, ಬಂಡೆ." ಬಾಟಲಿ ಭುಜಕ್ಕಿಳಿಯಿತು. "ಐನೂರಡಿ, ಬಂಡೆ." ಎದೆಗೆ ಬಂತು. "ಎಂಟ್ನೂರಕ್ಕೆ ವಸಿ ತ್ಯಾವ ಕಾಣಿಸ್ತು ಸಾ!" ಬಾಟಲಿ ಸರಕ್ಕನೆ ತಲೆಯ ಮೇಲೆ. ನನ್ನ ಕಿವಿಯೊಳಗೆ ಹಸುವಿನ ಎದೆಬಡಿತ ತಾಳ ತಪ್ಪಿತು.

"ಕೆಳಗೆ! ಕೆಳಗೆ!" ಅಂತ ಕಿರುಚಿದೆ.

"ಹೂಂ ಸಾ, ಬೋರಿನ ಏಜೆಂಟೂ ಅದೇ ಅಂದ, ಇನ್ನೂ ಕೆಳಗೈತೆ ಅಂತ. ಸಾವಿರದ ಇನ್ನೂರು!" ಬಾಟಲಿ ಮೊಣಕಾಲ ಹತ್ತಿರ. ಪೈಪಿನೊಳಗೆ ಹಸುವಿನ ರಕ್ತ ವಾಪಸ್ಸು ಬರತೊಡಗಿತು.

"ಅಯ್ಯೋ, ಮೇಲೆ ಬರ್ತಿದೆ ಕಣ್ರೀ!"

"ಏನು ಬಂತು ಅಂತೀರಿ? ಬರೀ ಧೂಳು."

ಅಷ್ಟು ಹೇಳಿ ಸುಮ್ಮನಾದರು. ಕೈ ತಾನಾಗಿ ಎದೆಯ ಮಟ್ಟಕ್ಕೆ ಬಂದು ನಿಂತಿತು. ಆ ಧೂಳಿನ ಸಾಲಕ್ಕೇ ಅವರ ನಾಲ್ಕೂ ಹಸು ಸಂತೆಗೆ ಹೋದದ್ದು. ಅವುಗಳ ಕಿವಿಗೆ 12 ಅಂಕಿಯ ಗುರುತಿನ ಹಳದಿ ಓಲೆ ಚುಚ್ಚಿದವನು ನಾನೇ. ಈಗ ಆ ಕೊಟ್ಟಿಗೆಯಲ್ಲಿ ಖಾಲಿ ಟೊಮೆಟೊ ಕ್ರೇಟುಗಳಿವೆ. ಡೇರಿಯ ಹೊತ್ತಿಗೆ ಎಚ್ಚರವಾಗುವ ಅಭ್ಯಾಸ ಮಾತ್ರ ಹೋಗಿಲ್ಲವಂತೆ, ಹಾಗಾಗಿ ಊರಲ್ಲಿ ಯಾರ ಹಸುವಿಗೆ ಏನಾದರೂ ನನಗಿಂತ ಮುಂಚೆ ಅವರು ಬಂದು ನಿಂತಿರುತ್ತಾರೆ. ಬೈಯಬೇಕು ಅಂತ ತೆರೆದ ಬಾಯಿ ಮುಚ್ಚಿಕೊಂಡೆ. ನಾಳೆ ಬೈದರಾಯಿತು.

ಮುಕ್ಕಾಲು ಬಾಟಲಿ ಇಳಿದಾಗ ಹಸು ದೊಡ್ಡದಾಗಿ ತೇಗಿತು. ಮೈ ಅದುರಿತು. ಆಮೇಲೆ ಸಗಣಿ ಹಾಕಿತು, ಹಿಂದೆ ಕುಕ್ಕರಗಾಲಲ್ಲಿ ಕೂತು ವಿಡಿಯೊ ಮಾಡುತ್ತಿದ್ದ ಹೆಬ್ಬೆರಳು ಹುಡುಗನ ಮೊಬೈಲಿನ ಮೇಲೆಯೇ. ಈ ಕೆಲಸದಲ್ಲಿ ನ್ಯಾಯ ಅಂತ ಸಿಗೋದು ವರ್ಷಕ್ಕೆ ಒಂದು ಸಲ.

ಇನ್ನೊಂದರ್ಧ ಗಂಟೆಗೆ ಹಸು ಮುಗ್ಗರಿಸುತ್ತ ಎದ್ದು ಕರುವನ್ನು ಮೂಸಿತು. ಎರಡು ಮೂರು ದಿನ ಪೂರ್ತಿ ಕರೀಬೇಡಿ ಅಂತ ನಾಲ್ಕು ಸಲ ಹೇಳಿದೆ. ಅಜ್ಜಿ ನಾಲ್ಕು ಸಲವೂ ತಲೆಯಾಡಿಸಿ, ಒಳಗೆ ಹೋಗಿ ಸ್ಟೀಲ್ ಡಬ್ಬಿಯ ತುಂಬ ಗಿಣ್ಣು ತಂದು ಕೊಟ್ಟಿತು. ನಾನು ಬೇಡ ಅನ್ನಲಿಲ್ಲ.

ಬೈಕ್ ಸ್ಟಾರ್ಟ್ ಮಾಡಿ ತಿರುಗಿ ನೋಡಿದೆ. ಪಕ್ಕದ ಮನೆಯವರು ಇನ್ನೂ ಅಲ್ಲೇ ನಿಂತು ಅಜ್ಜಿಗೆ ಎರಡನೇ ಬೋರಿನ ಕಥೆ ಶುರು ಮಾಡಿದ್ದರು. ಕೈಯಲ್ಲಿದ್ದ ಖಾಲಿ ಬಾಟಲಿ ಆಗಲೇ ಐನೂರಡಿಗೆ ಇಳಿದಿತ್ತು.