ಜೋಕ್ ಠುಸ್ ಆದಮೇಲೆ

ಮದುವೆ ಮನೆಯ ಪಂಕ್ತಿಯಲ್ಲಿ ಜೋಕ್ ಹೇಳುವ ಮಾವ ಒಬ್ಬರು ಇದ್ದೇ ಇರುತ್ತಾರೆ. ಯಾರೂ ನಗದಿದ್ದರೆ, ಕೇಳಿಸಲಿಲ್ಲವೇನೋ ಅಂತ ಅದನ್ನೇ ಇನ್ನೂ ಜೋರಾಗಿ ಹೇಳುತ್ತಾರೆ. ಅಮೆರಿಕದ ಟಿವಿ ನಿರೂಪಕ ಜಾನಿ ಕಾರ್ಸನ್ ಹಾಗೆ ಮಾಡುತ್ತಿರಲಿಲ್ಲ. ಜೋಕ್ ಠುಸ್ ಆಯಿತೋ, ಸುಮ್ನೆ ನಿಂತು ಕ್ಯಾಮೆರಾ ಕಡೆ ನೋಡುತ್ತಿದ್ದ. ಪರಿಸ್ಥಿತಿ ತೀರಾ ಕೆಟ್ಟರೆ ವಾದ್ಯದವರು ಒಂದು ಹಳೇ ಟ್ಯೂನ್ ಶುರು ಮಾಡುತ್ತಿದ್ದರು, ಇವನು ನಾಲ್ಕು ಹೆಜ್ಜೆ ಕುಣಿಯುತ್ತಿದ್ದ. ಜೋಕಿಗೆ ಬಾರದ ನಗು ಆಗ ಬರುತ್ತಿತ್ತು.

ಎನ್‌ಬಿಸಿ ಚಾನೆಲ್‌ನಲ್ಲಿ ತಡರಾತ್ರಿ ಬರುವ ಹಾಸ್ಯ-ಹರಟೆ ಕಾರ್ಯಕ್ರಮ ‘ದ ಟುನೈಟ್ ಶೋ’ವನ್ನು ಅವನು 1962ರ ಅಕ್ಟೋಬರ್‌ನಿಂದ 1992ರ ಮೇವರೆಗೆ ನಡೆಸಿದ. ಹತ್ತಿರ ಹತ್ತಿರ 30 ವರ್ಷ! ನಿದ್ದೆ ಬಾರದ ರಾತ್ರಿ ನಾನು ಯೂಟ್ಯೂಬಿನಲ್ಲಿ ಅದರ ತುಣುಕುಗಳನ್ನು ನೋಡುತ್ತೇನೆ. ಆ ಕಾಲದ ರಾಜಕಾರಣಿಗಳ ಮೇಲಿನ ಜೋಕು ಅರ್ಧಕ್ಕರ್ಧ ತಲೆಗೆ ಹತ್ತುವುದಿಲ್ಲ. ಠುಸ್ ಆದ ಜೋಕು ಮಾತ್ರ ಪೂರ್ತಿ ಅರ್ಥವಾಗುತ್ತದೆ.

ಅಂದಹಾಗೆ, ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ಗೆ ಹೋದಮೇಲೆ ಈ ಮಧ್ಯರಾತ್ರಿ ಶೋ ಚಿತ್ರೀಕರಣವಾಗುತ್ತಿದ್ದದ್ದು ಸಂಜೆ ಐದೂವರೆಗೆ. ನಾವು ಕಾಫಿ ಕುಡಿಯುವ ಹೊತ್ತಿನಲ್ಲಿ ಅವನು ಜನರಿಗೆ ಗುಡ್ ನೈಟ್ ಹೇಳಿ ಮುಗಿಸುತ್ತಿದ್ದ.

ಕೆಲವು ಜೋಕು ಠುಸ್ ಆಗಿದ್ದರೇ ಚೆನ್ನಾಗಿತ್ತು. 1973ರ ಡಿಸೆಂಬರ್‌ನಲ್ಲಿ, ದೇಶದಲ್ಲಿ ಟಾಯ್ಲೆಟ್ ಪೇಪರ್‌ಗೂ ಬರ ಬಂದಿದೆ ಎಂದು ತಮಾಷೆ ಮಾಡಿದ. ಪೆಟ್ರೋಲ್‌ಗೇ ಕ್ಯೂ ನಿಂತಿದ್ದ ಕಾಲ ಅದು. ಜನ ನಂಬಿಯೇಬಿಟ್ಟರು. ಅಂಗಡಿಗಳಿಗೆ ನುಗ್ಗಿ ಚೀಲಗಟ್ಟಲೆ ಹೊತ್ತು ತಂದರು. ಇಲ್ಲದ ಬರ ನಿಜವಾಗಿಯೇ ಬಂತು! ಆಮೇಲೆ ಅವನೇ ಟಿವಿಯಲ್ಲಿ ಸಮಜಾಯಿಷಿ ಕೊಡಬೇಕಾಯಿತು.

ಅದೇ ವರ್ಷದ ಇನ್ನೊಂದು ಸಂಚಿಕೆ ನನಗೆ ಇನ್ನೂ ಇಷ್ಟ. ಮನಸ್ಸಿನ ಶಕ್ತಿಯಿಂದಲೇ ಚಮಚ ಬಗ್ಗಿಸುತ್ತೇನೆ ಎನ್ನುತ್ತಿದ್ದ ಯೂರಿ ಗೆಲ್ಲರ್ ಅತಿಥಿಯಾಗಿ ಬಂದಿದ್ದ. ಕಾರ್ಸನ್ ಹುಡುಗನಾಗಿದ್ದಾಗಲೇ ನೆಬ್ರಾಸ್ಕಾದಲ್ಲಿ ಜಾದೂ ಮಾಡಿದವನು. ಕೈಚಳಕದವರ ಗುಟ್ಟು ಅವನಿಗೆ ಗೊತ್ತಿಲ್ಲವೇ? ಜಾದೂಗಾರ ಜೇಮ್ಸ್ ರಾಂಡಿಯ ಸಲಹೆಯಂತೆ ಸಾಮಾನೆಲ್ಲ ತಮ್ಮದೇ ಇಟ್ಟು, ಗೆಲ್ಲರ್‌ನ ಕಡೆಯವರು ಮೊದಲೇ ಮುಟ್ಟದಂತೆ ನೋಡಿಕೊಂಡರು. ಗೆಲ್ಲರ್ ಇವತ್ತು ಶಕ್ತಿ ಕಡಿಮೆ ಇದೆ ಎಂದು ತಡವರಿಸಿದ. ಕಾರ್ಸನ್ ಒಂದು ಕೊಂಕು ಮಾತೂ ಆಡಲಿಲ್ಲ. ಸಿಗರೇಟು ಸೇದುತ್ತಾ ಕಾದ. ಆ ಜಾಗದಲ್ಲಿ ನಮ್ಮ ಇವತ್ತಿನ ಟಿವಿ ನಿರೂಪಕರಲ್ಲಿ ಯಾರಾದರೂ ಇದ್ದಿದ್ದರೆ ಕಿರುಚಾಟ ಪಕ್ಕದ ಬೀದಿಗೂ ಕೇಳಿಸುತ್ತಿತ್ತು, ಅಲ್ವಾ?

ಸುಮ್ಮನಿರುವ ಈ ಗುಣಕ್ಕೆ ಕೆಟ್ಟ ಮುಖವೂ ಇತ್ತು. ಅವನು ರಜೆ ಹಾಕಿದಾಗ ಶೋ ನಡೆಸುತ್ತಿದ್ದ ಜೋನ್ ರಿವರ್ಸ್ 1986ರಲ್ಲಿ ಬೇರೆ ಚಾನೆಲ್‌ನಲ್ಲಿ ತಮ್ಮದೇ ಶೋ ಶುರು ಮಾಡಿದರು. ಆಮೇಲೆ ಸಾಯುವವರೆಗೂ ಕಾರ್ಸನ್ ಅವರ ಜೊತೆ ಮಾತೇ ಆಡಲಿಲ್ಲ. ಇದು ಜಾಸ್ತಿಯಾಯಿತು ಅಂತಲೇ ನನಗೆ ಅನಿಸುತ್ತದೆ.

ನಿವೃತ್ತಿಯಾದ ಮೇಲೆ ಟಿವಿ ಕಡೆ ತಲೆ ಹಾಕಿದ್ದೇ ಅಪರೂಪ. 1994ರಲ್ಲಿ ಇನ್ನೊಬ್ಬ ತಡರಾತ್ರಿ ನಿರೂಪಕ ಡೇವಿಡ್ ಲೆಟರ್‌ಮನ್ ಶೋಗೆ ದಿಢೀರನೆ ಬಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಲೆಟರ್‌ಮನ್ ಕುರ್ಚಿಯಲ್ಲಿ ಒಂದು ಗಳಿಗೆ ಕೂತ. ಒಂದು ಮಾತೂ ಆಡದೆ ಎದ್ದು ಹೋದ.

ಆದರೂ ಜೋಕ್ ಬರೆಯುವ ಚಟ ಬಿಡಲಿಲ್ಲ. ಪೇಪರ್ ಓದಿ ಹೊಳೆದದ್ದನ್ನು ಗುಟ್ಟಾಗಿ ಲೆಟರ್‌ಮನ್‌ಗೆ ಕಳಿಸುತ್ತಿದ್ದ. 2005ರ ಜನವರಿ 23ರಂದು ಕಾರ್ಸನ್ ತೀರಿಕೊಂಡ. ಅದಾದ ಮೇಲಿನ ತನ್ನ ಮೊದಲ ಶೋದಲ್ಲಿ ಲೆಟರ್‌ಮನ್ ಎಂದಿನಂತೆ ಜೋಕ್ ಹೇಳಿದ, ಜನ ನಕ್ಕರು. ಇವೆಲ್ಲ ಕಾರ್ಸನ್ ಬರೆದು ಕಳಿಸಿದ್ದವು ಅಂತ ಅವನು ಬಾಯಿಬಿಟ್ಟದ್ದು ಆಮೇಲೆ. ಅಂದರೆ ಕೊನೆಗಾಲದಲ್ಲಿ ಯಜಮಾನರು ಒಳ್ಳೇ ಏರ್ಪಾಡು ಮಾಡಿಕೊಂಡಿದ್ದರು: ಜೋಕ್ ತಮ್ಮದು, ಠುಸ್ ಆದರೆ ಕ್ಯಾಮೆರಾ ಮುಂದೆ ನಿಲ್ಲಬೇಕಾದವನು ಲೆಟರ್‌ಮನ್.