ಛೇದದಲ್ಲಿ ಯಾರಿದ್ದಾರೆ ಸಾರ್?

ಬೆಳಿಗ್ಗೆ ವಾಕಿಂಗ್ ಮುಗಿಸಿ ಬೇಕರಿ ಮುಂದೆ ಟೀ ಹಿಡಿದು ನಿಂತಿದ್ದೆ. ಎದುರಿಗೆ ಹೊಸ ಫ್ಲೆಕ್ಸ್. ನಮ್ಮ ಏರಿಯಾದ ಖಾಸಗಿ ಶಾಲೆಯದು. "ಸತತ ಎಂಟನೇ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ 100% ಫಲಿತಾಂಶ." ಸುತ್ತಲೂ ಮಕ್ಕಳ ಫೋಟೊ. ನಡುವೆ ಅಧ್ಯಕ್ಷರ ಫೋಟೊ, ಎಲ್ಲಾ ಮಕ್ಕಳದ್ದಕ್ಕಿಂತ ದೊಡ್ಡದು. ಪರೀಕ್ಷೆ ಅವರೇ ಬರೆದಿರಬೇಕು.

ಪಕ್ಕದಲ್ಲಿದ್ದ ರಾಯರು ಫ್ಲೆಕ್ಸನ್ನು ಜೋರಾಗಿ ಓದಿ, ನನ್ನ ಕಡೆ ತಿರುಗಿ, "ಮೇಡಂ, ನಿಮ್ ಸ್ಕೂಲ್‌ದು 58 ಅಂತೆ? ಅಷ್ಟೊಂದು ಸಂಬಳ ತಗೊಂಡು..." ಅಂತ ಅರ್ಧಕ್ಕೇ ನಿಲ್ಲಿಸಿದರು. ಪೂರ್ತಿ ಹೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅಲ್ಲಿ ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ. ಪೀಣ್ಯದ ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ಎಷ್ಟು ವರ್ಷ ಗಣಿತ ಹೇಳಿಕೊಟ್ಟೆ ಅಂತ ನಿಮಗೆಲ್ಲ ಗೊತ್ತು. ರಿಟೈರ್ ಆದಮೇಲೂ ಚಾಕ್‌ಪೀಸ್ ಬಿಟ್ಟಿಲ್ಲ ಅಂತಲೂ ಗೊತ್ತು. ಹಾಗಾಗಿ ಸ್ವಲ್ಪ ಪಾಠ ಸಹಿಸಿಕೊಳ್ಳಿ.

ಶೇಕಡಾ ಅನ್ನೋದು ಒಂದು ಭಿನ್ನರಾಶಿ. ಮೇಲೆ ಅಂಶ, ಅಂದರೆ ಪಾಸಾದವರು. ಕೆಳಗೆ ಛೇದ, ಅಂದರೆ ಪರೀಕ್ಷೆ ಬರೆದವರು. ಅಂಶ ಜಾಸ್ತಿ ಮಾಡಬೇಕಾದರೆ ಮಕ್ಕಳಿಗೆ ಪಾಠ ಮಾಡಬೇಕು. ಬೆಳಿಗ್ಗೆ, ಸಂಜೆ ಸ್ಪೆಷಲ್ ಕ್ಲಾಸು, ಪಾಸಾಗೋಕೆ ಬೇಕಾದಷ್ಟನ್ನೇ ಹೇಳಿಕೊಡೋ ಪಾಸಿಂಗ್ ಪ್ಯಾಕೇಜು, ಗಂಟಲು ಹರಿಯೋ ತನಕ ಪ್ರಮೇಯ. ಛೇದ ಕಡಿಮೆ ಮಾಡೋದಕ್ಕೆ ಒಂಬತ್ತನೇ ಕ್ಲಾಸಿನ ಕೊನೆಯಲ್ಲಿ ಒಂದು ಟಿಸಿ ಸಾಕು. "ನಿಮ್ಮ ಹುಡುಗನಿಗೆ ನಮ್ಮ ಸಿಲಬಸ್ ಭಾರ ಆಗ್ತಿದೆ, ಸರ್ಕಾರಿ ಶಾಲೆಗೆ ಸೇರಿಸಿ." ಹಾಗೆ ಬಂದ ಮಕ್ಕಳನ್ನು ಜೂನ್ ತಿಂಗಳಲ್ಲಿ ನಾವು ಸೇರಿಸಿಕೊಳ್ಳುತ್ತೇವೆ. ಬೇಡ ಅನ್ನೋ ಹಾಗಿಲ್ಲ, ಅನ್ನಲೂಬಾರದು. ಅವರ ಛೇದ ಇಳಿಯಿತು, ನಮ್ಮದು ಏರಿತು. ಮೇ ತಿಂಗಳಲ್ಲಿ ಅವರಿಗೆ ಫ್ಲೆಕ್ಸು, ನಮಗೆ ಕಾರಣ ಕೇಳಿ ನೋಟಿಸು.

ನಮ್ಮ ದಾಖಲಾತಿ ಪುಸ್ತಕವನ್ನು ರಾಯರು ಒಂದು ಸಲ ನೋಡಬೇಕು. ಮಾತೃಭಾಷೆ ಅಂತ ಒಂದು ಕಾಲಂ ಇದೆ. ಕನ್ನಡ, ಉರ್ದು, ತೆಲುಗು, ತಮಿಳು. ಇತ್ತೀಚೆಗೆ ಹಿಂದಿ, ಒಡಿಯಾ, ನೇಪಾಳಿ. ಕನ್ನಡ ಅಂತ ಬರೆಸಿದವರಲ್ಲೂ ಅರ್ಧ ಮಕ್ಕಳು ಯಾದಗಿರಿ, ರಾಯಚೂರು ಕಡೆಯವರು. ನಮ್ಮ ಬೆಂಗಳೂರು ಕನ್ನಡ ಕೇಳಿ ಮೊದಲ ತಿಂಗಳು ಬಾಯೇ ಬಿಡುವುದಿಲ್ಲ. ತಂದೆಯ ಉದ್ಯೋಗದ ಕಾಲಂ: ಗಾರೆ ಕೆಲಸ, ಸೆಕ್ಯುರಿಟಿ, ಕೂಲಿ, ಕೂಲಿ, ಕೂಲಿ. ತಾಯಿಯದ್ದು ಗಾರ್ಮೆಂಟ್ಸ್, ಇಲ್ಲವೇ ಮನೆಕೆಲಸ. ಊರಲ್ಲಿ ತೊಗರಿ ಕಟಾವು ಅಂದರೆ ಹುಡುಗಿ ಹದಿನೈದು ದಿನ ನಾಪತ್ತೆ. ಹಬ್ಬ, ಜಾತ್ರೆ ಅಂದರೆ ಇನ್ನೊಂದು ವಾರ. ಬಿಲ್ಡಿಂಗ್ ಕೆಲಸ ಮುಗಿದರೆ ಶೆಡ್ಡೂ ಹೋಯಿತು, ಮಗುವೂ ಹೋಯಿತು. ಯಾವ ಕಡೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಹುಡುಗರ ಕಥೆ ಇನ್ನೂ ಬೇರೆ. 2024ರಲ್ಲಿ ರಾಜ್ಯದ ಹುಡುಗಿಯರು 81.11% ಪಾಸಾದರು, ಹುಡುಗರು 65.90%. ಹುಡುಗರಿಗೆ ಮೊಬೈಲ್ ಹುಚ್ಚು ಅಂತ ಟಿವಿಯಲ್ಲಿ ಚರ್ಚೆ ಮಾಡಿದರು. ಇರಬಹುದು. ನನ್ನ ಕ್ಲಾಸಿನ ಹುಡುಗರಿಗಂತೂ ಸಂಜೆ ಐದರ ಮೇಲೆ ಗ್ಯಾರೇಜು, ಚಿಕನ್ ಅಂಗಡಿ, ಲೇತ್ ವರ್ಕ್‌ಶಾಪು ಇತ್ತು. ಹುಡುಗಿಯರಿಗೆ ಪಾತ್ರೆ, ತಮ್ಮ ತಂಗಿಯರು ಇದ್ದರೂ ಹೇಗೋ ಓದಿಬಿಡುತ್ತಿದ್ದರು. ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಈ ಸಂಖ್ಯೆಯ ಯೋಗ್ಯತೆ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ 83.89. ಮರುವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. 73.40ಕ್ಕೆ ಬಿತ್ತು, ಅದೂ ಕೃಪಾಂಕವನ್ನು 10ರಿಂದ 20 ಪರ್ಸೆಂಟಿಗೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾಗಿಬಿಟ್ಟರಾ? ಆ ವರ್ಷ ಉಡುಪಿ 94, ಯಾದಗಿರಿ 50.59. 2025ರಲ್ಲಿ ಕಲಬುರಗಿ ಕೊನೆಗೆ, 42.43. ಉಡುಪಿಯ ಮೇಷ್ಟ್ರನ್ನೆಲ್ಲ ಲಾರಿಯಲ್ಲಿ ತುಂಬಿ ಯಾದಗಿರಿಗೆ ಕಳಿಸಿದರೆ ಮುಂದಿನ ವರ್ಷ 94 ಬರುತ್ತದೆ ಅಂತ ನಂಬುವವರು ಕೈ ಎತ್ತಿ.

2025ರದ್ದೇ ಇನ್ನೊಂದು ಲೆಕ್ಕ. ಶಾಲೆಗೆ ಹೋಗಿ ಮೊದಲ ಸಲ ಬರೆದವರನ್ನಷ್ಟೇ ತಗೊಂಡರೆ 66.14. ಮತ್ತೆ ಕಟ್ಟಿದವರು, ಖಾಸಗಿಯಾಗಿ ಬರೆದವರು ಎಲ್ಲರನ್ನೂ ಸೇರಿಸಿದರೆ 62.34. ಪೇಪರಿನಲ್ಲಿ ಎರಡೂ ಬಂತು. ಎರಡೂ ಸರಿ. ಎರಡೂ ಲೆಕ್ಕದ ಮಕ್ಕಳ ಸಂಖ್ಯೆಯನ್ನು ನಾನು ಪೆನ್ನು ಹಿಡಿದು ಕಳೆದು ನೋಡಿದೆ, ಹಳೇ ಚಟ. ಆ ಸೇರಿಸಿದವರು ಸುಮಾರು 51 ಸಾವಿರ ಜನ. ಪಾಸಾದವರು ಎರಡು ಸಾವಿರವೂ ಇಲ್ಲ. ತಪ್ಪಾಯಿತೇನೋ ಅಂತ ಎರಡು ಸಲ ಕಳೆದೆ.

ಕಾಮೆಂಟಿಗೆ ಬರುವವರು ಏನು ಹೇಳುತ್ತಾರೆ ಅಂತ ಗೊತ್ತು. "ಹಾಗಾದ್ರೆ ಮೊರಾರ್ಜಿ ಶಾಲೆಯವರು? ಅವರೂ ಬಡವರ ಮಕ್ಕಳೇ ಅಲ್ವಾ?" ಹೌದು, 2024ರಲ್ಲಿ 625ಕ್ಕೆ 625 ತೆಗೆದು ರಾಜ್ಯಕ್ಕೆ ಮೊದಲು ಬಂದವಳು ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ. ಆ ದಿನ ನಾನೂ ಸ್ವೀಟ್ ಹಂಚಿದ್ದೆ. ಆದರೆ ಅಲ್ಲಿಗೆ ಸೇರೋದು ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಬರೆದು. ಸೇರಿದ ಮೇಲೆ ಊಟ, ಹಾಸಿಗೆ, ಓದೋಕೆ ಹೊತ್ತು, ಎಲ್ಲ ಅಲ್ಲೇ. ಅದು ಮಾಡಬೇಕಾದ ಕೆಲಸ, ಸರ್ಕಾರ ಚೆನ್ನಾಗಿಯೇ ಮಾಡಿದೆ. ಆ ಪರೀಕ್ಷೆಯಲ್ಲಿ ಸೀಟು ಸಿಗದ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿ. ನಮ್ಮಲ್ಲಿಗೆ.

"ಸರ್ಕಾರಿ ಮೇಷ್ಟ್ರಲ್ಲಿ ಸೋಮಾರಿಗಳಿಲ್ವಾ?" ಇದ್ದಾರೆ. ಇಬ್ಬರ ಹೆಸರು ನನ್ನ ನಾಲಿಗೆ ತುದಿಯಲ್ಲೇ ಇದೆ. ಮುಂದೆ ಹೋಗೋಣ.

ಮುಂದೆ ಹೋಗೋದು ಅಷ್ಟು ಸುಲಭ ಇಲ್ಲ. ಇದನ್ನು ಮನೆಯವರಿಗೂ ಹೇಳಿಲ್ಲ. ತುಂಬಾ ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ರಾತ್ರಿ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದ. ಎಸ್‌ಎಸ್‌ಎಲ್‌ಸಿ ಬರೆಯೋಕೆ 75% ಹಾಜರಾತಿ ಬೇಕು. ಅವನದು 71. ಅದೇ ಕ್ಲಾಸಿನ ಒಬ್ಬ ಹುಡುಗಿಯದು 68 ಇತ್ತು. ಅವಳು ಜಾಣೆ, ಊರಿಗೆ ಹೋಗಿ ಹಾಜರಾತಿ ಕಳೆದುಕೊಂಡಿದ್ದಳು. ರಿಜಿಸ್ಟರಿನಲ್ಲಿ ಅವಳದ್ದನ್ನು ನಾನೇ ಸರಿಮಾಡಿದೆ. ಅವನದ್ದನ್ನು ಮಾಡಲಿಲ್ಲ. ಮೂರು ಸಬ್ಜೆಕ್ಟಿನಲ್ಲಿ ಹೋಗೋದು ಗ್ಯಾರಂಟಿ ಅಂತ ಹೆಡ್‌ಮಾಸ್ಟರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳಿದ್ದರೆ ಇವತ್ತು ಅವರ ಮೇಲೆ ಹಾಕಬಹುದಿತ್ತು.

ಅವನ ತಾಯಿ ಹೂ ಮಾರುವವರು. ಸ್ಟಾಫ್‌ರೂಮ್ ಬಾಗಿಲಲ್ಲಿ ನಿಂತು, "ಏನಾದ್ರೂ ಮಾಡಿ ಮಿಸ್ಸಮ್ಮ" ಅಂದರು. "ರೂಲ್ಸ್ ಅಮ್ಮ, ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿಸಿ" ಅಂದೆ. ಹೋಗುವಾಗ ಟೇಬಲ್ಲಿನ ಮೇಲೆ ಒಂದು ಮೊಳ ಕನಕಾಂಬರ ಇಟ್ಟು ಹೋದರು. ನಾನು ಅದನ್ನು ಮುಡಿದುಕೊಂಡೇ ಮನೆಗೆ ಬಂದೆ.

ಆ ವರ್ಷ ನಮ್ಮ ಫಲಿತಾಂಶ 80 ದಾಟಿತು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಾಹೇಬರು ನನಗೆ ಶಾಲು ಹೊದಿಸಿದರು. ಬೀರುವಿನಲ್ಲಿ ಇನ್ನೂ ಇದೆ. ಮೊನ್ನೆ ಆ 51 ಸಾವಿರವನ್ನು ಎರಡನೇ ಸಲ ಕಳೆಯುವಾಗ ಅವನ ಮುಖವೇ ಕಣ್ಣ ಮುಂದೆ ಇತ್ತು.

ಹಾಗಾಗಿ ರಾಯರೇ, ಫ್ಲೆಕ್ಸಿನ ವಿದ್ಯೆ ನನಗೂ ಬರುತ್ತದೆ. ನಮ್ಮ ಶಾಲೆಗೂ 100 ಬೇಕಿದ್ದರೆ ಹೇಳಿ. ಎಷ್ಟು ಜನರನ್ನು ತೆಗೆಯಬೇಕು ಅಂತ ಲೆಕ್ಕ ಹಾಕೋಕೆ ಐದು ನಿಮಿಷ ಸಾಕು.

ಫೇಲಾದವರು ಮತ್ತೆ ಬರೆಯಬಹುದಾದ ಪರೀಕ್ಷೆ-2, 2025ರ ಮೇ 26ರಿಂದ. ಶಾಲೆಯಲ್ಲಿ ಫೇಲಾದ ಮಕ್ಕಳಿಗೆ ಕ್ಲಾಸು ನಡೆಯುತ್ತಿದೆ, ಗಣಿತ ನಾನು ತಗೊಳ್ಳುತ್ತಿದ್ದೇನೆ. ಸಂಬಳ ಇಲ್ಲದೆ. ರಾಯರು ದಯವಿಟ್ಟು ಗಮನಿಸಬೇಕು. ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಾನೆ. ಒಂಬತ್ತರ ತನಕ ಅವನು ಓದಿದ್ದು ಆ ಫ್ಲೆಕ್ಸಿನ ಶಾಲೆಯಲ್ಲೇ. ದಿನಾ ಅದೇ ಬೇಕರಿ ಮುಂದಿನಿಂದ ನಡೆದು ಬರುತ್ತಾನೆ. 2025ರಲ್ಲಿ ಲಿಖಿತದಲ್ಲಿ ಪಾಸಾಗೋಕೆ 80ಕ್ಕೆ 28 ಬೇಕಿತ್ತು, ಅವನಿಗೆ ಬಂದಿದ್ದು 24. ನಿನ್ನೆ ವರ್ಗ ಸಮೀಕರಣ ಮಾಡಿಸುತ್ತಿದ್ದೆ. ಅವನು ಮಧ್ಯದ ಪದವನ್ನು ಒಡೆದ ರೀತಿ ಸರಿಯಾಗಿತ್ತು, ಮೈನಸ್ ಚಿಹ್ನೆ ಒಂದು ಬಿಟ್ಟುಹೋಗಿತ್ತು. ನಾಳೆ ಅಲ್ಲಿಂದಲೇ ಶುರು ಮಾಡಬೇಕು.