ಟೇಪು ಸಿಕ್ಕಾಕ್ಕೊಂಡಿಲ್ಲ, ಅದು ಗಿಟಾರು!

ತೊಂಬತ್ತರ ದಶಕದ ರಾಕ್ ಗಿಟಾರಿಗೆ ನಿರ್ವಾಣ ಬ್ಯಾಂಡಿನ 'ನೆವರ್‌ಮೈಂಡ್' ಆಲ್ಬಮ್ ಒಂದೇ ಸಾಕು ಅಂತ ಬರೆದಿದ್ದೀರಲ್ಲ ಸಾರ್, ಅದೇ 1991ರಲ್ಲಿ ಬಂದ ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ 'ಲವ್‌ಲೆಸ್' ಆಲ್ಬಮ್ ಯಾಕೆ ಬಿಟ್ರಿ? ಅದರ ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ಟ್ರೆಮೊಲೊ ಕಡ್ಡಿ (ಒತ್ತಿದ್ರೆ ತಂತಿಗಳ ಸ್ವರ ಏರಿಳಿಯೋ ಹಿಡಿ) ಹಿಡ್ಕೊಂಡೇ ತಂತಿ ಮೀಟ್ತಾರೆ, ಒಟ್ಟಿಗೆ ನುಡಿಯೋ ಸ್ವರಗಳೆಲ್ಲ ತೂಗಾಡುತ್ವೆ. ಅಗ್ರಹಾರದ ನಮ್ಮನೇಲಿ ಮೊದಲ ಸಲ ಹಾಕಿದಾಗ ಅಪ್ಪ "ಟೇಪು ಸಿಕ್ಕಾಕ್ಕೊಂಡಿದೆ, ತೆಗಿಯೋ" ಅಂದಿದ್ರು! ಮೈಸೂರಲ್ಲಿ ವೀಣೆ ಕೇಳಿ ಬೆಳೆದ ಕಿವಿಗೆ ತಂತಿ ಎಳೆದು ಸ್ವರ ಜಾರಿಸೋದು ಹೊಸದೇನಲ್ಲ. ಆ ಗದ್ದಲ ಮಾತ್ರ ಹೊಸದು.

ಇನ್ನು ರೇಡಿಯೋಹೆಡ್ ಬ್ಯಾಂಡಿನ ಗಿಟಾರಿಸ್ಟ್ ಜಾನಿ ಗ್ರೀನ್‌ವುಡ್. 'ಕ್ರೀಪ್' ಹಾಡಲ್ಲಿ ಪಲ್ಲವಿಗೆ ಮುಂಚೆ ಬರೋ ಆ 'ಖರ್ರ್ ಖರ್ರ್' ಇದೆಯಲ್ಲ, ಅಷ್ಟಕ್ಕೇ ನನ್ನ ಓಟು. ನಿರ್ವಾಣದ ಗಾಯಕ, ಗಿಟಾರಿಸ್ಟ್ ಕರ್ಟ್ ಕೊಬೇನ್ ದೊಡ್ಡವರೇ, ಬೇಡ ಅನ್ನಲ್ಲ. ಆದ್ರೆ ನನಗೆ ಅವರ 1993ರ ಆಲ್ಬಮ್ 'ಇನ್ ಯುಟೆರೊ'ನೇ ಇಷ್ಟ, 'ನೆವರ್‌ಮೈಂಡ್'ಗೆ ಪಾಲಿಶ್ ಸ್ವಲ್ಪ ಜಾಸ್ತಿ ಆಯ್ತು.